ತೊಳೆಯುವವಳ ಮಾತು

ಕುಪ್ಪಸವನ್ನು ಕತ್ತರಿಸಿ ಬಿಡಿಸಿದ ಪಾಠದಮ್ಮನ ಕೈ ಅಲ್ಲೇ ನಿಂತಿತು. ಹಲಗೆಯ ಮೇಲೆ ಮಲಗಿಸಿದ್ದ, ಸತ್ತ ಹೊಲಿಗೆಯವಳ ಎಡ ಎದೆಗೆ ಬಟ್ಟೆಯ ಕಟ್ಟು ಬಿಗಿದಿತ್ತು. ಆಸ್ಪತ್ರೆಯವರು ಹಾಕಿದ್ದಲ್ಲ, ಹಳೆಯ ಹೊದಿಕೆ ಹರಿದು, ಒಂದೇ ಕೈಯಲ್ಲಿ ಸುತ್ತಿಕೊಂಡು, ಹಲ್ಲಿನಲ್ಲಿ ಎಳೆದು ಹಾಕಿದ ಗಂಟು. ಮೂವತ್ತು ವರ್ಷದಿಂದ ಆ ಬೀದಿಯ ಹೆಂಗಸರಿಗೆಲ್ಲ ಕೊನೆಯ ಸ್ನಾನ ಮಾಡಿಸುತ್ತ ಬಂದವಳು ಪಾಠದಮ್ಮ. ಇಂಥ ಗಂಟನ್ನು ಅವಳು ನೋಡಿರಲಿಲ್ಲ.

“ಬಿಸಿನೀರು ಹಾಕಮ್ಮ, ಮೆಲ್ಲಗೆ.”

ಸತ್ತವಳ ಮಗಳು ತಂಬಿಗೆ ಬಗ್ಗಿಸಿದಳು. ಕಟ್ಟು ನೆನೆದು ಸಡಿಲವಾಯಿತು. ಒಳಗೆ ಅಂಗೈಯಗಲದ ಹುಣ್ಣು.

“ಇದು ಯಾವಾಗಿಂದ ದೊಡ್ಡಮ್ಮಾ? ಜ್ವರ ಅಂತ ಅಲ್ವಾ ಹೇಳಿದ್ದು? ಅಮ್ಮ ನನಗ್ಯಾಕೆ ಹೇಳಲಿಲ್ಲ?” ಎಂದು ಪಾಠದಮ್ಮನನ್ನು ಕೇಳಿದ ಮಗಳು ತಾನೇ ಉತ್ತರ ಕೊಟ್ಟುಕೊಂಡಳು. “ಹೇಳೋದಾದ್ರೂ ಹೇಗೆ, ನಾನು ಈ ಮನೆ ಹೊಸಿಲು ತುಳಿದು ನಾಲ್ಕು ತಿಂಗಳಾಯ್ತಲ್ಲ.”

ಅವಳಿಗೆ ಏನೋ ನೆನಪಾಯಿತು. ಮೂಲೆಗೆ ಸರಿಸಿದ್ದ ಹೊಲಿಗೆ ಮಿಷನ್ನಿನ ಡ್ರಾಯರ್ ಎಳೆದು, ಅಮ್ಮ ಯಾರಿಗೂ ಮುಟ್ಟಗೊಡದ ಗುಂಡಿಗಳ ಡಬ್ಬಿ ತೆಗೆದಳು. ಗುಂಡಿಗಳ ಕೆಳಗೆ ಮುಲಾಮಿನ ಖಾಲಿ ಟ್ಯೂಬು, ಅದಕ್ಕೆ ಸುತ್ತಿದ ಚೀಟಿ. ಬೀದಿಯ ಕೊನೆಯ ಕ್ಲಿನಿಕ್ಕಿನ ಕಂಪೌಂಡರನ ಅಕ್ಷರ: ‘ದಿನಾ ಮಧ್ಯಾಹ್ನ ನಾನೇ ಬಂದು ಕಟ್ಟು ಬದಲಿಸುತ್ತೇನೆ. ಯಾರಿಗೂ ಹೇಳುವುದಿಲ್ಲ, ಹೆದರಬೇಡಿ ಅಕ್ಕಾ.’

ಪಾಠದಮ್ಮ ಚೀಟಿಯನ್ನು ತೆಗೆದುಕೊಂಡು ಎರಡು ಸಲ ಓದಿದಳು. ಪ್ರತಿ ಶುಕ್ರವಾರ ಮಧ್ಯಾಹ್ನ ಹೆಂಗಸರನ್ನು ಕೂರಿಸಿಕೊಂಡು ಕುರ್‌ಆನಿನ ಅರ್ಥ ಹೇಳುವವಳು ಅವಳು. ನಾಲ್ಕು ತಿಂಗಳ ಹಿಂದಿನ ಒಂದು ಪಾಠದಲ್ಲಿ, ದೊಡ್ಡ ಅಧಿಕಾರಿಯ ಹೆಂಡತಿ ಪ್ರವಾದಿ ಯೂಸುಫರ ಮೇಲೆ ಮನಸ್ಸಿಟ್ಟ ಪ್ರಸಂಗ ಬಂದಿತ್ತು. ಆಸೆಗೆ ಲಗಾಮಿಲ್ಲದಿದ್ದರೆ ಮನುಷ್ಯ ಎಲ್ಲಿಗೆ ಹೋಗಿ ಬೀಳುತ್ತಾನೆ ಎಂದು ಸೊಗಸಾಗಿ ವಿವರಿಸುತ್ತಿದ್ದಳು. ಕೇಳುವವರು ಬಾಯಿ ಬಿಟ್ಟುಕೊಂಡು ಕೂತಿದ್ದರು. ಆಗ ನಾಲಿಗೆ ತಡೆಯಲಿಲ್ಲ. “ಅಷ್ಟು ದೂರ ಯಾಕೆ ಹೋಗ್ತೀರಿ? ನಮ್ಮ ಬೀದೀಲೇ ನೋಡಿ. ಮಟಮಟ ಮಧ್ಯಾಹ್ನ ಬಾಗಿಲು ಹಾಕ್ಕೊಳ್ಳೋ ವಿಧವೆ, ಒಳಗೆ ಇಪ್ಪತ್ತೈದರ ಹುಡುಗ!” ಹೆಸರು ಮಾತ್ರ ಹೇಳಲಿಲ್ಲ, ದೊಡ್ಡ ಮನಸ್ಸು. ಆ ಅಧಿಕಾರಿಯ ಹೆಂಡತಿಯನ್ನು ಆಡಿಕೊಂಡು ನಕ್ಕ ಊರ ಹೆಂಗಸರ ಭಾಗಕ್ಕೆ ಬರುವಷ್ಟರಲ್ಲಿ ಹೊತ್ತಾಗಿತ್ತು. ಅದನ್ನು ಮುಂದಿನ ವಾರಕ್ಕಿಟ್ಟಳು.

ಮುಂದಿನ ವಾರದೊಳಗೆ ಕಂಪೌಂಡರ್ ಮುಖ ಎತ್ತಲಾಗದೆ ಊರು ಬಿಟ್ಟಿದ್ದ. ಹೊಲಿಗೆಯವಳ ಮಗಳನ್ನು ಗಂಡನ ಮನೆಯವರು ತವರಿಗೆ ಕಳಿಸುವುದನ್ನು ನಿಲ್ಲಿಸಿದ್ದರು. ಆಮೇಲೆ ಕಟ್ಟು ಬದಲಿಸುವವರು ಯಾರೂ ಇರಲಿಲ್ಲ.

ಬಟ್ಟೆ ಸುತ್ತಿದ ಕೈಯಿಂದ ಪಾಠದಮ್ಮ ಹುಣ್ಣಿನ ಸುತ್ತ ಒರೆಸಿದಳು. ಬೆನ್ನ ಹಿಂದೆ ಆಡಿಕೊಳ್ಳುವುದೆಂದರೆ ಸತ್ತ ಒಡಹುಟ್ಟಿದವರ ಮಾಂಸ ತಿಂದಂತೆ ಎಂಬ ಕುರ್‌ಆನಿನ ವಚನವನ್ನು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಳೋ! ಇಂದು ಆ ಮಾಂಸ ಅವಳ ಕೈಗೆ ತಾಗುತ್ತಿತ್ತು. ಅವಳು ಅತ್ತಳು.

“ಅಮ್ಮನ ಮೇಲೆ ಆ ಮಾತು ಮೊದಲು ಹೇಳಿದ್ದು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ,” ಎಂದಳು ಮಗಳು.

“ನಾನೇ.”

ಮಗಳು ತಂಬಿಗೆ ಎತ್ತಿಕೊಂಡಳು. ಬಲಗಡೆಗೆ ನೀರು ಹಾಕಿದಳು, ಎಡಗಡೆಗೆ ಹಾಕಿದಳು. ಕರ್ಪೂರದ ನೀರೂ ಮುಗಿದ ಮೇಲೆ ತಂಬಿಗೆ ಕೆಳಗಿಟ್ಟು ಹೇಳಿದಳು. “ಹಾಗಾದ್ರೆ ನೀವೇ ಹೋಗಿ ನಿಜ ಹೇಳಿ.”

“ತೊಳೆಯೋರು ನೋಡಿದ್ದನ್ನ ಹೊರಗೆ ಹೇಳೋ ಹಾಗಿಲ್ಲ ಮಗಳೇ. ಅದು ಮಣ್ಣಿಗೇ ಹೋಗಬೇಕು. ಸತ್ತವರ ಕುಂದು ಮುಚ್ಚಬೇಕು ಅಂತ ಪಾಠದಲ್ಲೂ ಹೇಳಿಕೊಡ್ತೀನಲ್ಲ.”

“ನೋಡದೇ ಇದ್ದದ್ದನ್ನ ಹೇಳಿದ್ರಲ್ಲ!”

ಇಬ್ಬರೂ ಸೇರಿ ಬಿಳಿ ಬಟ್ಟೆ ಹೊದಿಸಿದರು. ಬೀದಿಗೆಲ್ಲ ಹೊಲಿದುಕೊಟ್ಟವಳಿಗೆ ಒಂದು ಹೊಲಿಗೆಯೂ ಇಲ್ಲದ ಬಟ್ಟೆ.

ಹೊರಕೋಣೆಯಲ್ಲಿ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಪಾಠದಮ್ಮ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ಗುಸುಗುಸು ನಿಂತಿತು.

“ಎಲ್ಲರೂ ಕೇಳಿ,” ಎಂದಳು. “ಇವಳಲ್ಲಿ ಯಾವ ತಪ್ಪೂ ಇರಲಿಲ್ಲ. ಎದೇಲಿ ಹುಣ್ಣಿತ್ತು. ಆ ಹುಡುಗ ಬರ್ತಿದ್ದದ್ದು ಕಟ್ಟು ಬದಲಿಸೋಕೆ. ಇವಳನ್ನ ಅಕ್ಕ ಅಂತಿದ್ದ. ನಾನು ಅವತ್ತು ಹೇಳಿದ್ದು ಸುಳ್ಳು. ನನ್ನ ನಾಲಿಗೆಯ ಚಪಲ.”

ಬೇಕರಿಯವನ ಹೆಂಡತಿ ಪಕ್ಕದವಳ ಮುಖ ನೋಡಿದಳು, ಪಕ್ಕದವಳು ಇನ್ನೊಬ್ಬಳ ಮುಖ ನೋಡಿದಳು. ಆಮೇಲೆ ಬೇಕರಿಯವನ ಹೆಂಡತಿ ಎದ್ದು ಬಂದು, ಪಾಠದಮ್ಮನ ಒದ್ದೆ ಕೈ ಹಿಡಿದು ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು.

“ತೊಳೆಯೋರು ಅಂದ್ರೆ ನಿಮ್ಮ ಹಾಗಿರಬೇಕಮ್ಮ. ಸತ್ತವಳ ತಪ್ಪನ್ನ ಎಷ್ಟು ಚೆನ್ನಾಗಿ ಮುಚ್ಚಿದ್ರಿ! ಥೇಟ್ ನೀವು ಪಾಠದಲ್ಲಿ ಹೇಳಿಕೊಟ್ಟ ಹಾಗೇ.”