ಊರಿಗೆಲ್ಲ ಅಮ್ಮ

ಟೇಕ್ ಮತ್ತೆ ಕೆಟ್ಟಿತು. ನಾಯಕಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ತಾಯಿಯ ಕಣ್ಣು ಮಾತ್ರ ಒಣಗಿಯೇ ಇತ್ತು. ಪೊರೆ ತೆಗೆಸಿಕೊಂಡು ಇನ್ನೂ ತಿಂಗಳಾಗದ ಆ ಕಣ್ಣಿಗೆ ಗ್ಲಿಸರಿನ್ ಸೋಕಿಸಲೇಬಾರದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಮೊದಲು ನಾಟಕದಲ್ಲಿ, ಆಮೇಲೆ ಸಿನಿಮಾದಲ್ಲಿ ತಾಯಿಯ ಪಾತ್ರ ಮಾಡುತ್ತಲೇ ತಲೆ ನೆರೆಸಿಕೊಂಡ ನಟಿಗೆ ಇವತ್ತು ಒಂದು ಹನಿ ಕಣ್ಣೀರಿಗೂ ತತ್ವಾರ.

"ಎಲ್ಲಾ ಸರಿಯಿದೆ ಅಮ್ಮಾ. ಆದ್ರೆ ಏನೋ ಕಮ್ಮಿ ಆಗ್ತಿದೆ," ಎಂದು ನಿರ್ದೇಶಕ ತಲೆ ಕೆರೆದುಕೊಂಡ.

ಮಾನಿಟರಿನ ಪಕ್ಕದ ಕುರ್ಚಿಯಲ್ಲಿ ನಟಿಯ ಸ್ವಂತ ಮಗಳು ಕಣ್ಣಿನ ಔಷಧಿ ಹಿಡಿದು ಕೂತಿದ್ದಳು. ವಯಸ್ಸು ನಲವತ್ತು ದಾಟಿದೆ, ಸ್ವಂತದ ಕನ್ನಡಕದ ಅಂಗಡಿಯಿದೆ. ಅಮ್ಮನ ಕಣ್ಣಿಗೆ ಹೊತ್ತುಹೊತ್ತಿಗೆ ಹನಿ ಹಾಕಬೇಕಲ್ಲ ಎಂದು ಅಂಗಡಿಯ ಬಾಗಿಲೆಳೆದು ಬಂದಿದ್ದಳು. ಬೆಳಗಿನಿಂದ ನೋಡುತ್ತಲೇ ಇದ್ದಾಳೆ: ಈ ನಾಯಕಿ ಕ್ಯಾಮೆರಾ ಓಡುತ್ತಿದ್ದರೂ 'ಅಮ್ಮಾ', ನಿಂತಮೇಲೂ 'ಅಮ್ಮಾ'. ಅಮ್ಮನ ತಟ್ಟೆಯಿಂದಲೇ ಹಣ್ಣಿನ ಹೋಳು ಎತ್ತಿ ಬಾಯಿಗೆ ಹಾಕಿಕೊಳ್ಳುವ ಸಲಿಗೆ ಬೇರೆ. ಮಗಳಿಗೆ ಹೊಟ್ಟೆಕಿಚ್ಚು. ಅದೇನು ಹೊಸದಲ್ಲ. ಪರದೆಯ ಮೇಲಿನ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಶಪಿಸಿಕೊಂಡೇ ಬೆಳೆದವಳು ಅವಳು. ಅಮ್ಮ ಅವರಿಗೆಲ್ಲ ತುತ್ತಿಡುತ್ತಿದ್ದ ಹೊತ್ತಿನಲ್ಲಿ ಇವಳು ಪಕ್ಕದ ಮನೆಯಲ್ಲಿ ಉಂಡು ಮಲಗುತ್ತಿದ್ದಳು. ಒಮ್ಮೆ ಯಾವನೋ ಬಾಲನಟನ ತೊಡೆ ಚಿವುಟಿ ಓಡಿದ್ದೂ ಉಂಟು.

ಆದರೂ ಅವಳ ಪಾಲಿಗೆಂದು ಒಂದಿತ್ತು, ಅದು ಇನ್ನಾರಿಗೂ ಸಿಕ್ಕಿರಲಿಲ್ಲ. ಅವಳು ಅತ್ತಾಗ ಅಮ್ಮ ಹೆಬ್ಬೆರಳನ್ನು ಅವಳ ಹುಬ್ಬುಗಳ ನಡುವೆ ಒತ್ತಿ, ಮೂಗಿನ ತುದಿಯವರೆಗೂ ಎಳೆದು, ದುಃಖವನ್ನೇ ಹಿಡಿದು ಬಿಸಾಕುವ ಹಾಗೆ ಕೈ ಒದರುತ್ತಿದ್ದಳು. "ಹೋಯ್ತು. ಎಸೆದ್ಬಿಟ್ಟೆ ನೋಡು." ಮೊಣಕಾಲು ತರಚಿಕೊಂಡ ದಿನವಿರಲಿ, ಗಂಡ ಬಿಟ್ಟುಹೋದ ದಿನವಿರಲಿ, ಅಷ್ಟು ಮಾಡಿದರೆ ಅವಳಿಗೆ ಸಾಕಾಗುತ್ತಿತ್ತು.

ನಟಿ ಒಂದು ಗಳಿಗೆ ಕಣ್ಣು ಮುಚ್ಚಿ ಕೂತಳು. ಆಮೇಲೆ, "ಇನ್ನೊಂದು ಸಲ ಹೋಗೋಣಪ್ಪ," ಎಂದಳು. ಕ್ಯಾಮೆರಾ ಓಡಿತು, ನಾಯಕಿ ಅತ್ತಳು. ನಟಿಯ ಹೆಬ್ಬೆರಳು ಆ ಹುಡುಗಿಯ ಹುಬ್ಬುಗಳ ನಡುವೆ ಊರಿತು, ಮೂಗಿನ ಮೇಲೆ ನಿಧಾನವಾಗಿ ಇಳಿಯಿತು. "ಹೋಯ್ತು. ಎಸೆದ್ಬಿಟ್ಟೆ ನೋಡು," ಎಂದು ಕೈ ಒದರುವಷ್ಟರಲ್ಲಿ ನಟಿಯ ಕಣ್ಣಿಂದ ನೀರು ದಳದಳ ಸುರಿಯಿತು. ಲೈಟಿನವನೂ ಮೂಗು ಒರೆಸಿಕೊಂಡ. "ಎಲ್ಲಿತ್ತಮ್ಮಾ ಇದು ಇಷ್ಟು ಹೊತ್ತು?" ಎಂದು ನಿರ್ದೇಶಕ ಎದ್ದು ನಿಂತು ಚಪ್ಪಾಳೆ ಹೊಡೆದ. ಮಗಳಿಗೆ ಮೈಯೆಲ್ಲ ಉರಿದುಹೋಯಿತು.

ಮೇಕಪ್ ಕೋಣೆಯ ಬಾಗಿಲು ಮುಚ್ಚಿದವಳೇ ಅವಳು ಶುರು ಮಾಡಿದಳು. "ಅದನ್ನ ತೆಗೆಸು. ಬೇರೆ ಏನಾದ್ರೂ ಮಾಡ್ತೀನಿ ಅಂತ ಹೇಳು ಅವರಿಗೆ."

"ಓಕೆ ಆದ ಶಾಟನ್ನ ಯಾರಾದ್ರೂ ತೆಗೆಸ್ತಾರೇನೇ? ನಿಂಗೇನು ತಲೆ ಕೆಟ್ಟಿದೆಯಾ?"

"ಅದು ನಂದು ಅಮ್ಮಾ. ಎಲ್ಲಾನೂ ಆ ಸಿನಿಮಾ ಮಕ್ಕಳಿಗೇ ಕೊಟ್ಟೆ, ನಾನು ತುಟಿಪಿಟಕ್ ಅಂದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನ ನೋಡೇ ಹೇಳಿರ್ಬೇಕು. ನಂಗೆ ಉಳಿದಿದ್ದು ಅದೊಂದು. ಅದನ್ನೂ ತಗೊಂಡು ಹೋಗಿ ಅವಳ ಮುಖಕ್ಕೆ ಸವರಿಬಿಟ್ಯಲ್ಲ!"

ನಟಿ ಕನ್ನಡಿಯ ಮುಂದೆ ಕೂತು, ಔಷಧಿ ಹಾಕು ಎಂಬಂತೆ ತಲೆಯನ್ನು ಹಿಂದಕ್ಕೆ ಚೆಲ್ಲಿದಳು. ಮಗಳು ಹಾಕಲಿಲ್ಲ.

"ಅದು ನಿಂದಲ್ಲ ಕಣೇ," ನಟಿ ಸೂರು ನೋಡುತ್ತಲೇ ಹೇಳಿದಳು. "ಸ್ಟೇಜಿಂದು. ನೀನು ಹುಟ್ಟೋಕೆ ಮುಂಚೆ, ನಂಗಿಂತ ದೊಡ್ಡೋನಾಗಿದ್ದ ಒಬ್ಬ ನಟನಿಗೆ ಅಮ್ಮ ಆಗಿದ್ದೆ. ಕೈ ಎಲ್ಲಿಡಬೇಕು ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ನಾಟಕದ ಮೇಷ್ಟ್ರು ಬೈದು ಬೈದು ಹೇಳಿಕೊಟ್ರು, ಹೀಗೆ ಒತ್ತು, ಹೀಗೆ ಎಳಿ, ಹೀಗೆ ಎಸಿ ಅಂತ. ನಮ್ಮಮ್ಮ ನನ್ನ ಮುಖ ಮುಟ್ಟಿದ್ದೇ ನೆನಪಿಲ್ಲ ನಂಗೆ. ನೀನು ಹುಟ್ಟಿ ರಚ್ಚೆ ಹಿಡಿದಾಗ ನಂಗೆ ಬರ್ತಿದ್ದದ್ದು ಅದೊಂದೇ. ಅದನ್ನೇ ಮಾಡಿದೆ."

ಮಗಳು ಅಮ್ಮನ ಹೆಬ್ಬೆರಳನ್ನೇ ದಿಟ್ಟಿಸಿದಳು. ತನ್ನದೆಂದು ಎದೆಗವಚಿಕೊಂಡಿದ್ದನ್ನು ಟಿಕೆಟ್ ಕೊಂಡವರೆಲ್ಲ ತನಗಿಂತ ಮೊದಲೇ ನೋಡಿದ್ದರು! ಆ ಹಳೆಯ ನಟ ಯಾರೋ, ಇದ್ದಾನೋ ಸತ್ತಿದ್ದಾನೋ, ಅವನ ಮೇಲೂ ಅವಳಿಗೆ ಹೊಟ್ಟೆ ಉರಿಯಿತು.

"ಹಾಗಾದ್ರೆ ನಂಗೆ ಅಂತ್ಲೇ ಮಾಡಿದ್ದು ಏನೂ ಇಲ್ವಾ? ಒಂದೂ?"

ನಟಿ ಯೋಚಿಸಿದಳು. ಏನಾದರೊಂದು ಹೇಳಿ ಸಮಾಧಾನ ಮಾಡಬಹುದಿತ್ತು. ತಾಯಂದಿರು ಆಡುವ ಅಂಥ ಮಾತುಗಳು ಅವಳಿಗೆ ಬೇಕಾದಷ್ಟು ಬಾಯಿಪಾಠವಾಗಿದ್ದವು. ಒಂದನ್ನೂ ಆಡಲಿಲ್ಲ.

"ಹೊಡೆದಿದೀನಲ್ಲ," ಎಂದಳು ಕೊನೆಗೆ, ಮೆಲ್ಲಗೆ. "ಸೌಟು ಮುರಿಯೋ ಹಾಗೆ. ಅದನ್ನ ಯಾರೂ ಹೇಳಿಕೊಟ್ಟಿರ್ಲಿಲ್ಲ. ಸಿನಿಮಾದಲ್ಲಿ ನಾನು ಇವತ್ತಿನವರೆಗೂ ಒಂದು ಮಗು ಮೇಲೂ ಕೈ ಎತ್ತಿಲ್ಲ. ಅಂಥ ಪಾತ್ರ ನಂಗೆ ಯಾರೂ ಕೊಡಲ್ಲ."

ಮಗಳು ಅಮ್ಮನ ರೆಪ್ಪೆ ಬಿಡಿಸಿ ಔಷಧಿ ಹಾಕಿದಳು.

ಅಷ್ಟರಲ್ಲಿ ಬಾಗಿಲು ತಟ್ಟಿ ನಾಯಕಿ ತಲೆ ತೂರಿಸಿದಳು. "ಅಮ್ಮಾ, ಕ್ಲೋಸಪ್ ತೆಗೀಬೇಕಂತೆ, ಆ ಹೆಬ್ಬೆರಳಿಂದು ಇನ್ನೊಂದ್ಸಲ ಮಾಡ್ಬೇಕಂತೆ." ಮಗಳ ಕಡೆ ತಿರುಗಿ ನಕ್ಕಳು. "ಇಂಥ ಅಮ್ಮ ಸಿಗೋಕೆ ಪುಣ್ಯ ಮಾಡಿರ್ಬೇಕು ಅಕ್ಕಾ."

"ನಿಂಗೆ ಇವಳು ಯಾವತ್ತಾದ್ರೂ ಹೊಡೆದಿದಾಳಾ?" ಮಗಳು ಕೇಳಿದಳು.

"ಅಮ್ಮನಾ? ಹೊಡೆಯೋದಾ? ಛೇ, ಇಲ್ಲಪ್ಪ!"

"ನಂಗೆ ಹೊಡೆದಿದಾಳೆ," ಎಂದಳು ಮಗಳು, ಗತ್ತಿನಿಂದ ತಲೆಯೆತ್ತಿ.