ಬಚ್ಚಲ ಕದ

ಇಸ್ತ್ರಿಯಕ್ಕನಿಗೆ ಆ ಊರಿನಲ್ಲಿ ಜಗಳವಾಡಲು ಒಬ್ಬರೂ ಇರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೆಷಿನ್ನುಗಳ ಸದ್ದಿಗಿಂತ ಜೋರಾಗಿ ಬಾಯಿ ಮಾಡಿಯೇ ಕೆಲಸ ತೆಗೆದವಳು, ನಿವೃತ್ತಳಾದ ಮೇಲೆ ಬೇರೆ ರಾಜ್ಯದಲ್ಲಿ ಒಂದು ಹಳೇ ಮನೆ ಕೊಂಡಳು. ಮನೆ ಅಗ್ಗವಾಗಿತ್ತು, ದೂರವಾಗಿತ್ತು. ಅವಳಿಗೆ ಎರಡೂ ಬೇಕಾಗಿತ್ತು. ಆದರೆ ಅಲ್ಲಿನ ಭಾಷೆ ಬರುತ್ತಿರಲಿಲ್ಲ. ಹಾಲಿನವನು ನೀರು ಬೆರೆಸಿದರೂ ನಗಬೇಕು, ಎದುರುಮನೆಯವಳು ಕಸವನ್ನು ಇತ್ತ ತಳ್ಳಿದರೂ ನಗಬೇಕು. ನಕ್ಕು ನಕ್ಕು ದವಡೆ ನೋಯುತ್ತಿತ್ತು.

ಹಾಗಾಗಿ ಅಣ್ಣ ಬಂದಿಳಿದಾಗ ಅವಳಿಗೆ ನಿಜಕ್ಕೂ ಖುಷಿಯಾಯಿತು. ಇಡೀ ಸಂಜೆ ಇಬ್ಬರೂ ಮನಸಾರೆ ಜಗಳವಾಡಿದರು. ಅಣ್ಣ ಅಡುಗೆಮನೆಯ ಗೋಡೆಯ ಬಿರುಕಿಗೆ ಬೆರಳು ತೂರಿಸಿ, "ನೋಡು, ಇಡೀ ಬೆರಳು ಹೋಗುತ್ತೆ" ಎಂದ. "ಮೊದಲು ತೆಗಿ ಅದನ್ನ. ನೀನು ಬರೋ ತನಕ ಕಿರುಬೆರಳಷ್ಟೇ ಹೋಗ್ತಿತ್ತು" ಎಂದಳು ಅವಳು.

ಮರುದಿನ ಬೆಳಿಗ್ಗೆ ತರಕಾರಿ ತರಲು ಹೋಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಟೆಂಪೊ ನಿಂತಿತ್ತು. ಅವಳ ಟ್ರಂಕು, ಮಂಚ, ಇಸ್ತ್ರಿ ಮೇಜು ಆಗಲೇ ಅದರೊಳಗಿದ್ದವು.

"ಏನಿದು?"

"ಮನೆಗೆ ಹೋಗೋಣ. ಎರಡು ತಂಬಿಗೆ ಹುಯ್ಕೊಂಡು ಬರ್ತೀನಿ, ಅಷ್ಟರಲ್ಲಿ ಬಟ್ಟೆ ಬದಲಾಯಿಸು." ಅಣ್ಣ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದ. ಕೇಳಿ ಮಾಡುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ.

"ಪೂರ್ತಿ ಹಾಕ್ಬೇಡ. ಆ ಕದ ಉಬ್ಬಿದೆ, ಸಿಕ್ಕಾಕೊಳ್ಳುತ್ತೆ."

"ಬಾಗಿಲು ಹಾಕೋದನ್ನೂ ನಿನ್ನಿಂದ ಕಲೀಬೇಕಾ?"

ಧಡ್ ಎಂದು ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗುದ್ದುವ ಸದ್ದು ಶುರುವಾಯಿತು. ಆ ಕದ ಬರೀ ತಳ್ಳಿದರೆ ಅಲುಗುವುದಲ್ಲ. ಹೊರಗಿನಿಂದ ಅದರ ಕೆಳಗೆ ಕಾಲಿನ ಹೆಬ್ಬೆರಳು ಕೊಟ್ಟು ಎತ್ತಿ ಎಳೆಯಬೇಕು. ಅದನ್ನು ಕಲಿಯಲು ಅವಳಿಗೆ ಒಂದು ಉಗುರು ಖರ್ಚಾಗಿತ್ತು.

"ಏ, ತೆಗಿಯೇ! ಗಾಡಿಯವನು ಕಾಯ್ತಿದಾನೆ."

ಅವಳು ಕದದ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. "ನಿಧಾನಕ್ಕೆ ಸ್ನಾನ ಮಾಡಣ್ಣ. ಇಲ್ಲಿ ಕ್ಯೂ ಇಲ್ಲ."

ಗುದ್ದು ನಿಂತಿತು. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆ ಸೇರಿದ ದಿನದಿಂದ ಅವಳದು ಕೊನೆಯ ಸ್ನಾನ. ಅಣ್ಣ, ಅತ್ತಿಗೆ, ಮಕ್ಕಳು, ಬಂದ ನೆಂಟರು, ಆಮೇಲೆ ಹಂಡೆಯ ತಳದ ನೀರಿಗೆ ಅವಳು. ಸಂಬಳ ಮಾತ್ರ ಎಲ್ಲರಿಗಿಂತ ಮೊದಲು ಬೇಕಿತ್ತು. ಒಮ್ಮೆ ಫೋನಿನಲ್ಲಿ ಯಾರಿಗೋ "ನಮ್ಮನೆಗೆ ಬನ್ನಿ" ಎಂದಿದ್ದಳು. ಪಕ್ಕದಲ್ಲಿದ್ದ ಅತ್ತಿಗೆ, "ನಮ್ಮಣ್ಣನ ಮನೆ ಅನ್ನು" ಎಂದು ತಿದ್ದಿದ್ದರು. ಅಲ್ಲೇ ಪೇಪರು ಓದುತ್ತಿದ್ದ ಅಣ್ಣ ಪುಟ ತಿರುವಿದ್ದ.

"ಯಾರ ಮನೆಗೆ ಹೋಗೋದು?" ಎಂದು ಅವಳು ಕೇಳಿದಳು.

"ಇನ್ಯಾರದ್ದು? ನಮ್ಮನೆಗೆ!"

"ನಮ್ಮ ಅಂದ್ರೆ?"

"ಇದೇನು ವ್ಯಾಕರಣದ ಕ್ಲಾಸಾ? ತೆಗಿ!"

"ಈಗ ನೀನು ಯಾರ ಬಚ್ಚಲಲ್ಲಿದೀಯ, ಅಷ್ಟು ಹೇಳು ಸಾಕು. 'ನಿನ್ನ ಮನೆ' ಅನ್ನು. ತೆಗೀತೀನಿ."

"ಈ ಕೊಂಪೆನ ಮನೆ ಅನ್ನಬೇಕಾ? ಅಲ್ಲಿ ಜನ ಏನಂತಿದಾರೆ ಗೊತ್ತಾ? ತಂಗೀನ ಹೊರಗೆ ಹಾಕಿದ ಅಂತಿದಾರೆ."

"ಹಾಕಿಲ್ಲ, ಅವಳೇ ಹೋದ್ಲು ಅನ್ನು."

"ಅದು ಇನ್ನೂ ಅವಮಾನ!"

ಹೊರಗೆ ಟೆಂಪೊ ಹಾರ್ನ್ ಹೊಡೆಯಿತು. ಅವಳು ಎದ್ದು ಹೋದಳು. ಅಲ್ಲಿನ ಭಾಷೆಯಲ್ಲಿ ಅವಳು ಸರಿಯಾಗಿ ಕಲಿತಿದ್ದ ಮಾತು 'ಬೇಡ' ಎನ್ನುವುದೊಂದೇ. ಟ್ರಂಕಿಗೆ ಬೆರಳು ತೋರಿಸಿ ಅದನ್ನು ಹೇಳಿದಳು, ಮಂಚಕ್ಕೆ ತೋರಿಸಿ ಮತ್ತೊಮ್ಮೆ ಹೇಳಿದಳು. ಡ್ರೈವರು ಒಳಗೆ ಮತ್ತೆ ಶುರುವಾಗಿದ್ದ ಗುದ್ದಿನ ಕಡೆ ಕಿವಿಗೊಟ್ಟು ಏನೋ ಕೇಳಿದ. ಅರ್ಥವಾಗಲಿಲ್ಲ. ಈ ಸಲ ಅವಳು ನಗಲಿಲ್ಲ. ಅವನು ತೆಪ್ಪಗೆ ಸಾಮಾನು ಇಳಿಸಿದ. ಇಸ್ತ್ರಿ ಮೇಜನ್ನು ಮಾತ್ರ ಮುಟ್ಟಗೊಡದೆ ತಾನೇ ಹೊತ್ತು ತಂದಳು.

ಟೆಂಪೊದ ಸದ್ದು ತಿರುವಿನಲ್ಲಿ ಅಡಗಿತು.

"ಗಾಡಿ ಹೋಯ್ತಾ?" ಒಳಗಿನ ದನಿ ಸಣ್ಣದಾಗಿತ್ತು.

"ಹೋಯ್ತು. ಈಗಲಾದ್ರೂ ಹೇಳು."

ಅಣ್ಣ ಹೇಳಲಿಲ್ಲ, ಒದ್ದ. ಇನ್ನೊಮ್ಮೆ ಒದ್ದ. ಅವಳು ಸ್ಟೂಲು ಹಿಂದಕ್ಕೆ ಸರಿಸಿಕೊಂಡಳು. ಕದ ಕೀಲು ಸಮೇತ ಕಿತ್ತುಬಂದು ಅವಳ ಕಾಲ ಬುಡದಲ್ಲಿ ಬಿತ್ತು. ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡು, ಒದ್ದೆ ಟವೆಲ್ಲು ಬಿಗಿಹಿಡಿದು ನಿಂತಿದ್ದ ಅಣ್ಣ ಅವಳ ಮುಖ ನೋಡದೆ ಕದ ದಾಟಿದ. ಮೈ ಒರೆಸಿಕೊಳ್ಳದೆಯೇ ಅಂಗಿ ತೊಟ್ಟು, ಚೀಲ ಎತ್ತಿಕೊಂಡು ಹೊಸಿಲಿನಲ್ಲಿ ನಿಂತ.

"ಇನ್ನು ನಿನ್ನ ಹತ್ರ ಮಾತಿಲ್ಲ. ಸತ್ತರೂ ಹೇಳಿಕಳಿಸ್ಬೇಡ."

"ಯಾರ ಕೈಲಿ ಹೇಳಿಕಳಿಸ್ಲಿ? ನಂಗಿಲ್ಲಿ ಭಾಷೆ ಬರಲ್ಲ" ಎಂದಳು ಅವಳು. "ಕಿವೀಲಿ ಸೋಪಿದೆ, ಒರೆಸ್ಕೊ."

ಅವನು ಒರೆಸಿಕೊಳ್ಳದೆ ಹೋದ.

ಅವಳು ಕದವನ್ನು ಎತ್ತಿ ಗೋಡೆಗೆ ಒರಗಿಸಿದಳು. ಹಂಡೆ ತುಂಬಾ ನೀರು ಕಾಯಿಸಿ, ಕದವಿಲ್ಲದ ಬಚ್ಚಲಲ್ಲಿ ಕೂತು ಹಂಡೆ ಬರಿದಾಗುವವರೆಗೂ ಸ್ನಾನ ಮಾಡಿದಳು. ಆ ದಿನ ಕಳೆದದ್ದು ಇಷ್ಟು: ಒಂದು ಕದ, ಎರಡು ಕೀಲು, ಜಗಳವಾಡಲು ಇದ್ದ ಒಬ್ಬ ಮನುಷ್ಯ.