ಪುಸ್ತಕ ಹೇಳಿದಂತೆ ಜನರೇಟರ್ ರಿಪೇರಿ

“ಮುಂದಿಂದು ಓದೇ! ನನ್ನ ಕೈಯೆಲ್ಲ ಗ್ರೀಸು,” ಜನರೇಟರಿನ ಅಡಿಯಿಂದ ಮೇಷ್ಟ್ರು ಕೂಗಿದರು.

ಹೆಂಡತಿ ಮರುಮಾತಿಲ್ಲದೆ ಓದಲು ಕುಳಿತಳು. ಮೇಷ್ಟ್ರಿಗೆ ಅದೇ ಅಚ್ಚರಿ. ಸೇನೆಯ ಹಳೆ ಸಾಮಾನಿನ ಹರಾಜಿನಲ್ಲಿ ಕೊಂಡ ಈ ಹಸಿರು ಜನರೇಟರ್ ಹಿತ್ತಲ ಷೆಡ್ಡಿಗೆ ಬಂದಾಗಿನಿಂದ ಆಕೆ ಮುಖ ಊದಿಸಿಕೊಂಡಿದ್ದಳು. ಷೆಡ್ಡು ಆಕೆಯದು. ಅಲ್ಲಿದ್ದ ಹೊಲಿಗೆ ಯಂತ್ರ ಈಗ ಬಚ್ಚಲ ಬಾಗಿಲಲ್ಲಿತ್ತು. ಎಂಜಿನ್ ಓಡುತ್ತಿತ್ತು, ಗೋಡೆ ನಡುಗುತ್ತಿತ್ತು, ಕರೆಂಟು ಮಾತ್ರ ಬರುತ್ತಿರಲಿಲ್ಲ.

“ಇವತ್ತು ಬಲ್ಬು ಉರಿದ್ರೆ ಇಟ್ಕೊಳ್ಳಿ. ಇಲ್ದಿದ್ರೆ ಸಂಜೆ ಗುಜರಿಯವನು ಬರ್ತಾನೆ,” ಎಂದು ಬೆಳಿಗ್ಗೆಯೇ ತೀರ್ಪು ಕೊಟ್ಟಿದ್ದಳು. ಮೇಷ್ಟ್ರು ಹೆದರಲಿಲ್ಲ. ಜೊತೆಗೆ ಸೇನೆಯದೇ ಕೈಪಿಡಿ ಬಂದಿತ್ತಲ್ಲ! ಅಚ್ಚಾದದ್ದನ್ನು ಪ್ರಶ್ನಿಸಬಾರದೆಂದು ಜೀವಮಾನವಿಡೀ ಪಾಠ ಹೇಳಿದವರು ಅವರು.

“ಕರೆಂಟು ಬಾರದಿದ್ದರೆ ಒಳಗಿನ ಅಯಸ್ಕಾಂತ ಶಕ್ತಿ ಕುಂದಿರಬಹುದು. ಬ್ಯಾಟರಿಯ ತಂತಿಯನ್ನು ಕ್ಷಣಮಾತ್ರ ಸುರುಳಿಗೆ ತಾಗಿಸಿ,” ಎಂದು ಆಕೆ ಓದಿದಳು.

ತಾಗಿಸಿದರು. ಚಟ್ಟನೆ ಕಿಡಿ ಹಾರಿತು. ಬಲ್ಬು ಮಿಣಕ್ ಎಂದು ಆರಿತು.

“ನೋಡಿದ್ಯಾ! ಇನ್ನೇನು ಬಂದೇಬಿಡ್ತು! ಹರಾಜಲ್ಲಿ ಇನ್ನೂ ಅರ್ಧ ಡಜನ್ ಉಳಿದಿವೆ ಕಣೇ. ಇದು ಸರಿಹೋದ್ರೆ ನಾಳೆಯೇ ಅಷ್ಟನ್ನೂ ತಂದುಬಿಡ್ತೀನಿ!”

ಹೆಂಡತಿ ಕನ್ನಡಕ ಸರಿಮಾಡಿಕೊಂಡು ಒಂದಿಷ್ಟು ಪುಟ ಮಗುಚಿದಳು.

“ಎಂಜಿನ್ ಆರಿಸಿ. ಒಳಗಿನ ತಂತಿಗಳನ್ನೆಲ್ಲ ಕತ್ತರಿಸಿ.”

“ಎಲ್ಲಾನೂ?”

“ಎಲ್ಲಾನೂ ಅಂತಲೇ ಇದೆ.”

ಹಳೆ ತಂತಿ ಇಟ್ಟುಕೊಂಡು ಹೊಸ ಕರೆಂಟು ಹೇಗೆ ಬಂದೀತು? ಮೇಷ್ಟ್ರು ಕತ್ತರಿಸಿದರು.

“ಮೀಟರುಗಳಿಗೆ ಸುತ್ತಿಗೆಯಿಂದ ಹೊಡೆಯಿರಿ.”

“ಮೆಲ್ಲಗೋ, ಜೋರಾಗೋ?”

“ಪುಡಿಯಾಗೋವರೆಗೂ.”

ಸೇನೆಯವರು ಒರಟು ಜನ. ಮೇಷ್ಟ್ರು ಬೀಸಿ ಹೊಡೆದರು.

“ಎಣ್ಣೆ ತೊಟ್ಟಿಗೆ ಮರಳು ಸುರಿಯಿರಿ.”

ಈಗ ಮೇಷ್ಟ್ರಿಗೂ ಏನೋ ಕಸಿವಿಸಿಯಾಯಿತು. ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದು ಬಂದರು. “ಎಲ್ಲಿ, ತೋರಿಸು. ಸ್ವಂತ ಬುದ್ಧಿ ಸೇರಿಸ್ತಿಲ್ಲ ತಾನೇ?”

ಆಕೆ ಹೆಬ್ಬೆರಳಿನಿಂದ ಪುಟದ ಮೇಲ್ತುದಿ ಒತ್ತಿ ಹಿಡಿದು ಪುಸ್ತಕವನ್ನು ಮುಂದೆ ಚಾಚಿದಳು. ತಂತಿ ಇತ್ತು, ಸುತ್ತಿಗೆ ಇತ್ತು, ಮರಳೂ ಇತ್ತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು. ಛೆ, ಕೈಹಿಡಿದವಳ ಮೇಲೇ ಅನುಮಾನ!

“ತಪ್ಪಾಯ್ತು ಕಣೇ. ಇದರ ಮೇಲೆ ನಿನಗೂ ಇಷ್ಟು ಕಾಳಜಿ ಇದೆ ಅಂತ ಗೊತ್ತಿರ್ಲಿಲ್ಲ.”

“ಇವತ್ತೇ ಇದಕ್ಕೊಂದು ಗತಿ ಕಾಣಿಸ್ಬೇಕು ಅಂತ ನನಗೂ ಇದೆ ರೀ,” ಎಂದು ಆಕೆ ತಾನೇ ಮರಳಿನ ಬಕೆಟ್ ತಂದುಕೊಟ್ಟಳು.

ಮರಳು ಸುರಿದು, ದೇವರನ್ನು ನೆನೆದು, ಮೇಷ್ಟ್ರು ಹಿಡಿಕೆ ತಿರುಗಿಸಿದರು. ಒಳಗೆ ಕರಕರ ಎಂದದ್ದು ಬಿಟ್ಟರೆ ಉಸಿರಿಲ್ಲ.

“ಮುಂದೆ ಏನು ಬರೆದಿದ್ದಾರೆ?”

“ಅಧ್ಯಾಯ ಮುಗೀತು,” ಎಂದು ಪುಸ್ತಕವನ್ನು ಅವರ ಕೈಗಿಟ್ಟು, ಆಕೆ ಗುಜರಿಯವನಿಗೆ ಗೇಟು ತೆಗೆಯಲು ಹೋದಳು.

ಹೆಬ್ಬೆರಳಿದ್ದ ಜಾಗದಲ್ಲಿ ದಪ್ಪಕ್ಷರದ ತಲೆಬರಹವಿತ್ತು: “ಸೇನೆ ಹಿಮ್ಮೆಟ್ಟುವಾಗ, ಯಂತ್ರವು ಶತ್ರುವಿನ ಉಪಯೋಗಕ್ಕೆ ಬಾರದಂತೆ ಹಾಳುಗೆಡಹುವ ಕ್ರಮ.”